ಹೂಬುಟ್ಟಿಯ ಪರದೇಶಿಗಳು

ನಮ್ಮ ಮನೆಯಲ್ಲಿ ಬೆಳಗ್ಗೆ ದೇವರ ಪೂಜೆಗೆ ಹೂ ಬಿಡಿಸುವ ಅಧಿಕಾರ ಅಮ್ಮನೊಬ್ಬಳದೇ ಆಗಿತ್ತು. ಅಧಿಕಾರ ಎಂದೆ, ಕೆಲಸ ಎಂದರೆ ಅವಳಿಗೆ ಕೋಪ ಬರುತ್ತಿತ್ತು. ಮೈಸೂರಿನ ಹಳೆಯ ಬಡಾವಣೆಯೊಂದರಲ್ಲಿ ಹೆಂಚಿನ ಮನೆ, ಮುಂದೆ ಹತ್ತು ಹೆಜ್ಜೆಯ ಅಂಗಳ, ಹಿಂದೆ ಬಾವಿಯ ಸುತ್ತ ಅದಕ್ಕಿಂತ ತುಸು ದೊಡ್ಡ ಹಿತ್ತಿಲು. ಅಷ್ಟರಲ್ಲಿಯೇ ವರ್ಷದ ಹನ್ನೆರಡು ತಿಂಗಳೂ ಬುಟ್ಟಿ ತುಂಬಬೇಕು. ಆದ್ದರಿಂದ ಅವಳು ಋತುವಿಗೊಮ್ಮೆ ಬಂದು ಹೋಗುವ ಗಿಡಗಳನ್ನು ನೆಚ್ಚುತ್ತಿರಲಿಲ್ಲ. ಫ್ಲಾಕ್ಸ್, ಆಸ್ಟರ್, ಪೆಟೂನಿಯಾ ಇವೆಲ್ಲ ಅವಳ ಲೆಕ್ಕದಲ್ಲಿ ನೆಂಟರು. ನಾಲ್ಕು ದಿನ ಉಪಚಾರ ಮಾಡಿಸಿಕೊಂಡು ಹೊರಟುಹೋಗುವವರು. ಒಮ್ಮೆ ನೆಟ್ಟರೆ ಮನೆಯವರ ಹಾಗೆ ಇದ್ದುಬಿಡುವ, ಬೇಸಗೆಯಲ್ಲಿ ಸೊರಗಿದರೂ ಮೊದಲ ಮಳೆಗೆ ಚಿಗುರುವ, ವರ್ಷ ವರ್ಷವೂ ತನ್ನ ಪಾಡಿಗೆ ತಾನು ಹೂ ಬಿಡುವ ಗಿಡವೇ ಅವಳಿಗೆ ಗಿಡ. ದುಂಡುಮಲ್ಲಿಗೆ, ಜಾಜಿಯ ಬಳ್ಳಿ, ದಾಸವಾಳ, ನಂದಿಬಟ್ಟಲು, ಕೆಂಪು ಕಣಗಿಲೆ, ಕನಕಾಂಬರ, ಬಾವಿಕಟ್ಟೆಯ ಪಕ್ಕದಲ್ಲಿ ಸುಗಂಧರಾಜ, ಬಚ್ಚಲ ನೀರು ಹರಿಯುವ ಕಡೆ ಸಂಜೆಮಲ್ಲಿಗೆ, ಗೋಡೆಯ ಬಿರುಕಿನಲ್ಲೆಲ್ಲ ಕಾಶಿ ಕಣಗಿಲೆ, ಮೂಲೆಯಲ್ಲಿ ಒಂದು ಪಾರಿಜಾತ, ಇನ್ನೊಂದು ಮೂಲೆಯಲ್ಲಿ ಎಲೆಯುದುರಿದಾಗ ಆನೆಯ ದಂತದಂತೆ ಕಾಣುವ ದೇವಕಣಗಿಲೆ. ಇಷ್ಟು ನಮ್ಮ ಸಂಪತ್ತು.

ಈ ಬುಟ್ಟಿಗೆ ಕಟ್ಟಳೆಗಳಿದ್ದವು. ಮೂಸಿದ ಹೂ ದೇವರಿಗೆ ಸಲ್ಲದು. ನೆಲಕ್ಕೆ ಬಿದ್ದ ಹೂ ಸಲ್ಲದು. ಪಾರಿಜಾತಕ್ಕೆ ಮಾತ್ರ ವಿನಾಯಿತಿ, ಏಕೆಂದರೆ ಅದು ತಾನಾಗಿ ಉದುರುವ ಹೂ. ಮೂರನೆಯ ಕಟ್ಟಳೆ ಶಾಸ್ತ್ರದ್ದಲ್ಲ, ಅಮ್ಮನದೇ: ಪರದೇಶದ ಹೂ ಸಲ್ಲದು. ಇದು ನನಗೆ ತಿಳಿದದ್ದು ಕಾಲೇಜಿನಲ್ಲಿ ಪಾಠ ಹೇಳುವ ಕೆಲಸಕ್ಕೆ ಸೇರಿ ಮೊದಲ ಸಂಬಳ ಬಂದಾಗ. ಬಹಳ ಉತ್ಸಾಹದಿಂದ ನರ್ಸರಿಯಿಂದ ಒಂದು ಬೋಗನ್‌ವಿಲ್ಲಾ ತಂದೆ. ನಮ್ಮ ಕಡೆ ಅದನ್ನು ಕಾಗದದ ಹೂ ಎನ್ನುತ್ತಾರೆ. ಅಮ್ಮ ಅದನ್ನು ಮೇಲಿಂದ ಕೆಳಗೆ ನೋಡಿ, “ಬೇಲಿಗಾದೀತು, ಬುಟ್ಟಿಗಾಗದು. ಪರದೇಶದ್ದು ಕಣೋ. ವಾಸನೆಯಿಲ್ಲ, ಮೈತುಂಬ ಮುಳ್ಳು” ಎಂದಳು. ಗಿಡ ಗೇಟಿನ ಹೊರಗೆ ನೆಲೆಸಿತು. ಆಚೆಯಿಂದ ಗೋಡೆ ಹತ್ತಿ ಒಳಗೆ ಇಣುಕುತ್ತ ಈಗಲೂ ಅಲ್ಲಿಯೇ ಇದೆ.

ಆಗ ನಾನು ವಾದ ಮಾಡಲಿಲ್ಲ. ಮಾಡಲು ನನಗೂ ಏನೂ ಗೊತ್ತಿರಲಿಲ್ಲ. ಗೊತ್ತಾಗುವಂತೆ ಮಾಡಿದ್ದು ಒಬ್ಬ ವಿದ್ಯಾರ್ಥಿನಿಯ ಪ್ರಶ್ನೆ. ಹಳಗನ್ನಡ ಕಾವ್ಯವೊಂದರ ಉದ್ಯಾನ ವರ್ಣನೆಯನ್ನು ಪಾಠ ಮಾಡುತ್ತಿದ್ದೆ. ಕಾವ್ಯದ ಹದಿನೆಂಟು ವರ್ಣನೆಗಳಲ್ಲಿ ಉದ್ಯಾನದ್ದೂ ಒಂದು ಎಂಬುದು ಓದುಗರಿಗೆ ತಿಳಿದೇ ಇದೆ. ಅಲ್ಲಿ ಹೂವುಗಳು ಮೆರವಣಿಗೆ ಹೊರಡುತ್ತವೆ: ಸಂಪಗೆ, ಮೊಲ್ಲೆ, ಮಲ್ಲಿಗೆ, ಸುರಗಿ, ಸುರಹೊನ್ನೆ, ಪಾದರಿ, ಕೇದಗೆ, ಇರುವಂತಿ. ಹಿಂದಿನ ಬೆಂಚಿನಿಂದ ಆ ಹುಡುಗಿ ಎದ್ದು, “ಸಾರ್, ಇರುವಂತಿ ಅಂದರೆ ಯಾವ ಹೂ?” ಎಂದಳು. “ಒಂದು ಜಾತಿಯ ಮಲ್ಲಿಗೆ” ಎಂದೆ. “ಯಾವ ಜಾತಿ ಸಾರ್?” ನಾನು ಗಡಿಯಾರ ನೋಡಿದೆ. ಹಳಗನ್ನಡ ಕಲಿಸುವವರಿಗೆಲ್ಲ ಈ ಸಂಕಟ ಗೊತ್ತು. ನಮ್ಮ ಟಿಪ್ಪಣಿಗಳಲ್ಲಿ ‘ಪುಷ್ಪವಿಶೇಷ’ ಎಂಬ ಒಂದು ಶಬ್ದವುಂಟು. ಅದರಷ್ಟು ಉಪಕಾರ ಮಾಡಿದ ಶಬ್ದ ಬೇರೊಂದಿಲ್ಲ. ಸುರಗಿಯೂ ಪುಷ್ಪವಿಶೇಷ, ಪಾದರಿಯೂ ಪುಷ್ಪವಿಶೇಷ. ಹೂವನ್ನು ಕಂಡರಿಯದ ಮೇಷ್ಟರು ಹೂವನ್ನು ಕಂಡರಿಯದ ಮಕ್ಕಳಿಗೆ ಇದನ್ನು ಬರೆಸಿ, ಅವರು ಪರೀಕ್ಷೆಯಲ್ಲಿ ಅದನ್ನೇ ಬರೆದು ಪಾಸಾಗುತ್ತಾರೆ.

ಅಂದು ಸಂಜೆ ನಾಚಿಕೆಯಿಂದಲೇ ಒಂದು ಹಾಳೆ ತೆಗೆದುಕೊಂಡು ಎರಡು ಪಟ್ಟಿ ಮಾಡಿದೆ. ಒಂದು ಕಡೆ ನಾನು ಪಾಠ ಮಾಡಿದ ಕಾವ್ಯಗಳಲ್ಲಿ ಬರುವ ಹೂಗಳು, ಇನ್ನೊಂದು ಕಡೆ ಅಮ್ಮನ ಬುಟ್ಟಿಯ ಹೂಗಳು. ಮಲ್ಲಿಗೆ, ಜಾಜಿ, ಕಣಗಿಲೆಗಳು ಎರಡರಲ್ಲಿಯೂ ಇದ್ದವು. 941ರಲ್ಲಿ ಪಂಪ ತನ್ನ ಭಾರತವನ್ನು ಬರೆಯುವಾಗ ಬನವಾಸಿಯ ನೆನಪನ್ನು ತಡೆಯಲಾರದೆ ಹೋದದ್ದಕ್ಕೆ ಬಿರಿದ ಮಲ್ಲಿಗೆಯೂ ಒಂದು ಕಾರಣ; ಅದೇ ಮಲ್ಲಿಗೆ 1942ರಲ್ಲಿ ಕೆ. ಎಸ್. ನರಸಿಂಹಸ್ವಾಮಿಯವರ ಕವನಸಂಗ್ರಹಕ್ಕೆ ಹೆಸರಾಯಿತು. ಸಾವಿರ ವರ್ಷ ಹೂವೂ ಬದಲಾಗಲಿಲ್ಲ, ಹೆಸರೂ ಬದಲಾಗಲಿಲ್ಲ. ಆದರೆ ಪಟ್ಟಿಯ ಉಳಿದ ಭಾಗ ನನ್ನನ್ನು ಬೆಚ್ಚಿಬೀಳಿಸಿತು. ಕಾವ್ಯದ ಸುರಗಿ, ಪಾದರಿ, ಸುರಹೊನ್ನೆ ನಮ್ಮ ಬುಟ್ಟಿಯಲ್ಲಿಲ್ಲ. ಬುಟ್ಟಿಯ ಸುಗಂಧರಾಜ, ಸಂಜೆಮಲ್ಲಿಗೆ, ಕಾಶಿ ಕಣಗಿಲೆ, ದೇವಕಣಗಿಲೆ ಆ ಕಾವ್ಯಗಳಲ್ಲಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ವಿಶ್ವಕೋಶವನ್ನೇ ಬರೆದು, ಅರಸನ ಭೋಗಗಳಲ್ಲಿ ಹೂಮಾಲೆಯದನ್ನೂ ಒಂದಾಗಿ ಎಣಿಸಿದ. ಅವನ ಅರಮನೆಯ ಮಾಲೆಗಾರನಿಗೂ ನಮ್ಮ ಅಮ್ಮನ ಸುಗಂಧರಾಜ ಸಿಕ್ಕಿರಲಾರದು.

ಸಿಕ್ಕಿರಲಾರದು, ಏಕೆಂದರೆ ಅದು ಮೆಕ್ಸಿಕೋದ ಹೂ. ಅಲ್ಲಿನ ಅಜ್‌ಟೆಕ್ ಜನ ಅದರ ಬಿಳುಪನ್ನು ನೋಡಿ ‘ಎಲುಬಿನ ಹೂ’ ಎಂಬರ್ಥದ ಹೆಸರಿನಿಂದ ಕರೆಯುತ್ತಿದ್ದರು. ನಾವು ಅದಕ್ಕೆ ಪಟ್ಟ ಕಟ್ಟಿ ರಾಜನನ್ನಾಗಿ ಮಾಡಿದೆವು. ಇಂದು ಅದು ಕಾಡಿನಲ್ಲಿ ಎಲ್ಲಿಯೂ ಬೆಳೆಯುವುದು ಕಂಡಿಲ್ಲ. ಮನುಷ್ಯರ ತೋಟದಲ್ಲಿ ಮಾತ್ರ ಬದುಕಿದೆ. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಅದರ ಹೊಸ ತಳಿಗಳನ್ನು ತಯಾರಿಸಿ ಶೃಂಗಾರ, ಸುವಾಸಿನಿ, ಪ್ರಜ್ವಲ, ವೈಭವ ಎಂದು ಹೆಸರಿಟ್ಟಿದೆ. ಮೆಕ್ಸಿಕೋದ ಗೆಡ್ಡೆಗೆ ಇದಕ್ಕಿಂತ ಹೆಚ್ಚಿನ ಸಂಸ್ಕೃತ ದೀಕ್ಷೆ ಬೇರೇನು ಬೇಕು?

ಸಂಜೆಮಲ್ಲಿಗೆಯೂ ಅಮೆರಿಕ ಖಂಡದ್ದೇ; ಯುರೋಪಿನವರು ಅದನ್ನು ‘ಪೆರುವಿನ ಅಚ್ಚರಿ’ ಎಂದರು. ದೇವಕಣಗಿಲೆ ಮಧ್ಯ ಅಮೆರಿಕ ಮತ್ತು ವೆಸ್ಟ್ ಇಂಡೀಸಿನ ಕಡೆಯ ಮರ. ಅದರ ಶಾಸ್ತ್ರೀಯ ಹೆಸರು ಪ್ಲುಮೇರಿಯಾ. ವೆಸ್ಟ್ ಇಂಡೀಸಿನ ಗಿಡಮರಗಳನ್ನು ಹುಡುಕಿ ಬರೆದ ಚಾರ್ಲ್ಸ್ ಪ್ಲುಮಿಯೆ ಎಂಬ ಫ್ರೆಂಚ್ ಪಾದ್ರಿಯ ನೆನಪಿನದು. ಆತ ತೀರಿಕೊಂಡದ್ದು 1704ರಲ್ಲಿ. ಕಾಶಿ ಕಣಗಿಲೆಗೆ ಕಾಶಿಯ ಸಂಬಂಧ ಎಳ್ಳಷ್ಟೂ ಇಲ್ಲ. ಅದರ ತವರು ಆಫ್ರಿಕದ ಪೂರ್ವಕ್ಕಿರುವ ಮಡಗಾಸ್ಕರ್ ದ್ವೀಪ. ಮಾಲೆಗೆಂದು ಪೇಟೆಯಿಂದ ತರುತ್ತಿದ್ದ ಚೆಂಡುಹೂವೂ ಮೆಕ್ಸಿಕೋದ್ದು; ಸೇವಂತಿಗೆಯ ಬೇರು ಚೀನದಲ್ಲಿ. ಪರದೇಶದ ಹೂ ಸಲ್ಲದೆಂಬ ಬುಟ್ಟಿಯಲ್ಲಿ ಅರ್ಧಕ್ಕರ್ಧ ಪರದೇಶಿಗಳು!

ಇಲ್ಲಿ ಒಂದು ಮಾತು. ಸೋಮನಾಥಪುರವೇ ಮೊದಲಾದ ಹೊಯ್ಸಳ ದೇವಾಲಯಗಳ ಶಿಲ್ಪಗಳ ಕೈಯಲ್ಲಿರುವುದು ಮುಸುಕಿನ ಜೋಳದ ತೆನೆ, ಆದ್ದರಿಂದ ಕೊಲಂಬಸ್ 1492ರಲ್ಲಿ ಅಮೆರಿಕ ಮುಟ್ಟುವ ಮೊದಲೇ ಅಲ್ಲಿನ ಬೆಳೆಗಳು ನಮ್ಮಲ್ಲಿಗೆ ಬಂದಿದ್ದವು ಎಂದು 1989ರಲ್ಲಿ ಇಬ್ಬರು ಅಮೆರಿಕನ್ ವಿದ್ವಾಂಸರು ವಾದಿಸಿದರು. ಅದು ತೆನೆಯಲ್ಲ, ಮುತ್ತುಗಳಿಂದ ಮಾಡಿದ ಮುಕ್ತಾಫಲವೆಂಬ ಕಲ್ಪನೆಯ ಹಣ್ಣು ಎಂದು ಇತರರು ಉತ್ತರ ಕೊಟ್ಟರು. ನನಗೆ ಉತ್ತರವೇ ಸರಿಯೆನಿಸುತ್ತದೆ. ನಮ್ಮ ಕವಿಗಳು ಸುಮ್ಮನಿರುವ ಜನವಲ್ಲ. ಹೊಸದೊಂದು ಬೆಳೆಯೋ ಹೂವೋ ಕಣ್ಣಿಗೆ ಬಿದ್ದಿದ್ದರೆ ಎಲ್ಲಿಯಾದರೂ ಒಂದು ಉಪಮೆಗೆ ಹಿಡಿದು ಹಾಕುತ್ತಿದ್ದರು. 1510ರಲ್ಲಿ ಪೋರ್ಚುಗೀಸರು ಗೋವೆಯನ್ನು ಹಿಡಿದ ಮೇಲೆ ಅಮೆರಿಕದ ಗಿಡಗಳಿಗೆ ನಮ್ಮ ಕರಾವಳಿಯ ಬಾಗಿಲು ತೆರೆಯಿತು. ಮೆಣಸಿನಕಾಯಿ, ಗೋಡಂಬಿ, ಪರಂಗಿ, ಸೀಬೆ ಇವುಗಳ ಕಥೆಯನ್ನು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಹೊಟ್ಟೆಗೆ ಬಂದವುಗಳ ಚರಿತ್ರೆ ಪಠ್ಯಪುಸ್ತಕಕ್ಕೆ ಏರಿತು, ಮುಡಿಗೆ ಬಂದವುಗಳದು ಏರಲಿಲ್ಲ.

ಏರದಿದ್ದರೂ, ನಾನು ಭಾಷೆಯ ಮೇಷ್ಟರಾದ್ದರಿಂದ ಹೇಳಬಯಸುವುದೇನೆಂದರೆ, ಈ ವಲಸೆಯ ಗುರುತು ಹೂವಿನ ಹೆಸರಿನಲ್ಲಿಯೇ ಉಳಿದಿದೆ. ಮಲ್ಲಿಗೆ, ಮೊಲ್ಲೆ, ಸಂಪಿಗೆ, ಕಣಗಿಲೆ, ಕೇದಗೆ ಇವೆಲ್ಲ ಒಂಟಿ ಪದಗಳು. ಇವುಗಳ ಮುಂದೆ ವಿಶೇಷಣ ಹಚ್ಚುವ ಅಗತ್ಯ ಯಾರಿಗೂ ಕಂಡಿರಲಿಲ್ಲ. ಹೊಸಬರು ಬಂದಾಗ ಕನ್ನಡಿಗ ಹೊಸ ಶಬ್ದ ಕಟ್ಟುವ ಗೋಜಿಗೆ ಹೋಗಲಿಲ್ಲ. ಅಂಗಳದಲ್ಲಿ ಮೊದಲೇ ಇದ್ದವರ ಪೈಕಿ ಯಾರ ಹಾಗಿದೆ ಎಂದು ನೋಡಿ, ಅವರ ಮನೆತನಕ್ಕೆ ದತ್ತು ಕೊಟ್ಟುಬಿಟ್ಟ. ಸಂಜೆಗೆ ಅರಳಿ ಕಂಪು ಬೀರಿದ್ದು ಸಂಜೆಮಲ್ಲಿಗೆಯಾಯಿತು. ಕೊಂಬೆ ಮುರಿದರೆ ಕಣಗಿಲೆಯಂತೆ ಹಾಲು ಸುರಿಸುವುದು ದೇವಕಣಗಿಲೆ. ಕೆಲವು ಕಡೆ ಅದೇ ಹಾಲುಸಂಪಿಗೆ. ವರ್ಷವಿಡೀ ಹೂ ಬಿಡುವ ಪುಟ್ಟ ಗಿಡ ಕಾಶಿ ಕಣಗಿಲೆ, ಅಥವಾ ನಿತ್ಯಪುಷ್ಪ. ಇಂದಿನ ಸಸ್ಯಶಾಸ್ತ್ರವೂ ಈ ಮೂರು ಕಣಗಿಲೆಗಳನ್ನು ಒಂದೇ ಕುಟುಂಬದಲ್ಲಿ ಇಡುತ್ತದೆ ಎಂಬುದನ್ನು ಓದಿದಾಗ, ಹೆಸರಿಟ್ಟ ಆ ಅಜ್ಞಾತ ಅಜ್ಜಿಯರಿಗೆ ಮನಸ್ಸಿನಲ್ಲೇ ಕೈ ಮುಗಿದೆ. ಮೆಣಸಿನ ಖಾರವಿದ್ದ ಕಾಯಿ ಮೆಣಸಿನಕಾಯಿಯಾದದ್ದೂ ಇದೇ ಕ್ರಮದಿಂದ. ನಂದಿಬಟ್ಟಲು ಸಮಾಸಪದವಾದರೂ ನಮ್ಮ ದೇಶದ್ದೇ ಗಿಡ. ಆದ್ದರಿಂದ ಇದನ್ನು ಸೂತ್ರವೆಂದು ಯಾರೂ ಹಿಡಿಯಬಾರದು.

ಇನ್ನೊಂದು ಕುತೂಹಲದ ಸಂಗತಿಯುಂಟು. ಇಂಗ್ಲಿಷರ ಕಾಲದಲ್ಲಿ ಬಂದ ವಸ್ತುಗಳ ನೆತ್ತಿಗೆ ನಾವು ‘ಸೀಮೆ’ ಎಂದು ಮೊಹರು ಹೊಡೆದೆವು: ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಬದನೆ. ಅದು ಹೊರಗಿನದು ಎಂದು ಹೆಸರೇ ಸಾರುತ್ತದೆ. ಅಮ್ಮನ ಹೂಗಳಿಗೆ ಆ ಮೊಹರಿಲ್ಲ. ಬದಲಿಗೆ ಒಂದಕ್ಕೆ ದೇವರ ಹೆಸರು, ಇನ್ನೊಂದಕ್ಕೆ ಕಾಶಿಯ ಹೆಸರು. ಮಡಗಾಸ್ಕರದ ಗಿಡಕ್ಕೆ ಕಾಶಿಯಲ್ಲಿ ಜನ್ಮಪತ್ರಿಕೆ ಬರೆಸಿದವರು ಯಾರೋ! ‘ಪರದೇಶಿ’ ಎಂಬ ಮಾತಿಗೆ ಕನ್ನಡದಲ್ಲಿ ದಿಕ್ಕಿಲ್ಲದವನು ಎಂಬ ಅರ್ಥವೂ ಇದೆಯಷ್ಟೆ. ಹಾಗೆ ಬಂದವುಗಳಿಗೆ ದಿಕ್ಕು ತೋರಿಸುವ ಕೆಲಸವನ್ನು ಅರಸರು ಮಾಡಲಿಲ್ಲ. ಗೋಡೆಯಾಚೆಯಿಂದ “ಒಂದು ಕಡ್ಡಿ ಕೊಡಿ ಇವರೇ” ಎಂದು ಕೇಳಿದ ಹೆಂಗಸರು ಮಾಡಿದರು. ದೇವಕಣಗಿಲೆಯ ಕೊಂಬೆಯನ್ನು ಕಡಿದು, ಹಾಲು ಒಣಗುವವರೆಗೆ ಒಂದು ವಾರ ನೆರಳಲ್ಲಿಟ್ಟು ಆಮೇಲೆ ನೆಡಬೇಕು, ಹಸಿಯಾಗಿ ನೆಟ್ಟರೆ ಕೊಳೆಯುತ್ತದೆ ಎಂಬುದನ್ನು ಅಮ್ಮ ಯಾವ ಪುಸ್ತಕದಲ್ಲಿಯೂ ಓದಿರಲಿಲ್ಲ.

ಸಂಜೆಮಲ್ಲಿಗೆಯ ಬಗ್ಗೆ ಒಂದು ಉಪಕಥೆ. ಕಾಳುಮೆಣಸಿನಂಥ ಅದರ ಕರಿಯ ಬೀಜವನ್ನು ಜಜ್ಜಿದರೆ ಒಳಗೆ ಬಿಳಿಯ ಹಿಟ್ಟು. ನನ್ನ ತಂಗಿ ಚಿಕ್ಕಂದಿನಲ್ಲಿ ಅದನ್ನೇ ಪೌಡರಾಗಿ ಬಳಿದುಕೊಂಡು ಕನ್ನಡಿಯ ಮುಂದೆ ನಿಲ್ಲುತ್ತಿದ್ದಳು. ಜರ್ಮನಿಯ ಕಾರ್ಲ್ ಕೊರೆನ್ಸ್ ಎಂಬ ವಿಜ್ಞಾನಿ ಅದೇ ಬೀಜಗಳನ್ನು ಬಿತ್ತಿ, ಚುಕ್ಕೆಚುಕ್ಕೆಯ ಎಲೆಯ ಗಿಡಗಳಲ್ಲಿ ಎಲೆಯ ಬಣ್ಣ ತಾಯಿಗಿಡದ ಕೊಂಬೆಯಿಂದ ಮಾತ್ರ ಮಕ್ಕಳಿಗೆ ಬರುತ್ತದೆ, ತಂದೆಯ ಪರಾಗಕ್ಕೆ ಅದರಲ್ಲಿ ಪಾಲಿಲ್ಲ ಎಂದು 1909ರಲ್ಲಿ ತೋರಿಸಿಕೊಟ್ಟ. ಅನುವಂಶಿಕತೆಯ ಶಾಸ್ತ್ರದಲ್ಲಿ ಅದೊಂದು ದೊಡ್ಡ ಹೆಜ್ಜೆ. ನಮ್ಮ ಬಚ್ಚಲ ನೀರಿನ ಗಿಡ!

ಇಷ್ಟೆಲ್ಲ ತಿಳಿದ ಮೇಲೆ ಸುಮ್ಮನಿರಲು ನನ್ನಿಂದಾಗಲಿಲ್ಲ. ಹೊಸ ವಿದ್ಯೆ ಬಾಯಲ್ಲಿ ನಿಲ್ಲುವುದಿಲ್ಲ. ಒಂದು ಬೆಳಗ್ಗೆ ಅಮ್ಮ ದೇವಕಣಗಿಲೆಯ ಕೆಳಗೆ ದೋಟಿ ಹಿಡಿದು ನಿಂತಿದ್ದಾಗ ಹೋಗಿ ಹೇಳಿದೆ: “ಅಮ್ಮ, ನೀನು ದೇವರಿಗೆ ಏರಿಸುವ ಈ ಹೂ ಮೆಕ್ಸಿಕೋದ ಕಡೆಯದು. ಕಾಶಿ ಕಣಗಿಲೆ ಆಫ್ರಿಕದ್ದು. ನನ್ನ ಕಾಗದದ ಹೂ ಮಾತ್ರ ಯಾಕೆ ಬಾಗಿಲಾಚೆ ನಿಲ್ಲಬೇಕು?”

ಅವಳು ದೋಟಿ ಇಳಿಸಿದಳು. “ಯಾರು ಹೇಳಿದರು?”

“ಪುಸ್ತಕದಲ್ಲಿದೆ.”

“ಬಂದು ಎಷ್ಟು ಕಾಲವಾಯಿತಂತೆ?”

“ಇನ್ನೂರು ಮುನ್ನೂರು ವರ್ಷವಾದರೂ ಆಗಿರಬೇಕು.”

“ನಾನು ಈ ಮನೆಗೆ ಬಂದು ಇನ್ನೂ ನಲವತ್ತಾಗಿಲ್ಲ. ನನ್ನನ್ನು ಯಾರೂ ಹಾಸನದವಳು ಅನ್ನುವುದಿಲ್ಲವಲ್ಲ” ಎಂದು ಒಳಗೆ ಹೋದಳು.

ಮಾತಿನಲ್ಲಿ ಗೆದ್ದವಳು ಅವಳೇ. ಆದರೆ ಮರುದಿನ ಬುಟ್ಟಿಯಲ್ಲಿ ದೇವಕಣಗಿಲೆ ಇರಲಿಲ್ಲ. ಅದರ ಮರುದಿನವೂ ಇರಲಿಲ್ಲ. ಹೂಗಳು ಮರದ ಕೆಳಗೆ ಉದುರಿ ಕಂದುಗಟ್ಟಿ ಬಿದ್ದಿದ್ದವು. ಅವಳು ಅವನ್ನು ಸುತ್ತುಹಾಕಿಕೊಂಡು ಓಡಾಡುತ್ತಿದ್ದಳು. ನಾನು ಏನು ಮಾಡಿದೆನೆಂಬುದು ಆಗ ಹೊಳೆಯಿತು. ಮದುವೆಯಾಗಿ ಬಂದ ವರ್ಷ ಅತ್ತೆಯ ಕೈಯಿಂದ ಕೊಂಬೆ ಇಸಿದುಕೊಂಡು ನೆಟ್ಟ ಮರ ಅದು. ಕ್ಷಮೆ ಕೇಳೋಣವೆಂದರೆ ಏನೆಂದು ಕೇಳುವುದು? ನಾನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಮೂರನೆಯ ದಿನ ಬುಟ್ಟಿಯಲ್ಲಿ ಎಂದಿನಂತೆ ಐದು ಹೂ ಇದ್ದವು. ಆ ಎರಡು ದಿನ ಅವಳು ಏನು ಯೋಚಿಸಿದಳೋ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಅವಳ ಪನ್ನೀರು ಗುಲಾಬಿಯ ವಿಷಯ ಮಾತ್ರ ಆಮೇಲೆ ಎತ್ತಲಿಲ್ಲ. ಗುಲಾಬಿ ಇವುಗಳಿಗಿಂತ ಹಳೆಯ ಅತಿಥಿ. ಪೋರ್ಚುಗೀಸರಿಗಿಂತ ಮೊದಲೇ ಇಲ್ಲಿದ್ದದ್ದು. 1443ರಲ್ಲಿ ತೈಮೂರನ ಮಗ ಶಾಹರುಖನ ರಾಯಭಾರಿಯಾಗಿ ವಿಜಯನಗರಕ್ಕೆ ಬಂದ ಅಬ್ದುರ್ ರಜಾಕ್, ಪೇಟೆಯಲ್ಲಿ ಎಲ್ಲೆಲ್ಲೂ ಗುಲಾಬಿ ಮಾರುವುದನ್ನು ನೋಡಿ, ಈ ಜನಕ್ಕೆ ಅನ್ನದಷ್ಟೇ ಗುಲಾಬಿಯೂ ಬೇಕು, ಅದಿಲ್ಲದೆ ಇವರು ಬದುಕಲಾರರು ಎಂದು ಬರೆದಿಟ್ಟ. ಪರ್ಷಿಯ ಸೀಮೆಯಿಂದ ಬಂದವನ ಬಾಯಿಂದ ಈ ಮಾತು ಬಂದದ್ದು ಸಣ್ಣದಲ್ಲ. ಇಂದಿಗೂ ಹೂವಿನ ಹಡಗಲಿಯವರು ತಮ್ಮ ಊರಿನಿಂದ ಆ ರಾಜಧಾನಿಗೆ ಹೂ ಹೋಗುತ್ತಿತ್ತೆಂದು ಹೇಳಿಕೊಳ್ಳುತ್ತಾರೆ. ಅಲ್ಲಿನ ಮಲ್ಲಿಗೆಗೆ ಈಗ ಮೈಸೂರು, ಉಡುಪಿ ಮಲ್ಲಿಗೆಗಳ ಜೊತೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ದೊರೆತಿದೆ. ‘ಗುಲಾಬಿ’ ಪರ್ಷಿಯನ್ನಿನ ‘ಗುಲಾಬ್’ನಿಂದ ಬಂದದ್ದು, ಗುಲ್ ಎಂದರೆ ಹೂ, ಆಬ್ ಎಂದರೆ ನೀರು. ಅಂದರೆ ಅದು ಹೂವಿನ ಹೆಸರಲ್ಲ, ಹೂವಿನಿಂದ ಇಳಿಸಿದ ನೀರಿನ ಹೆಸರು. ನಮ್ಮ ‘ಪನ್ನೀರು’ ಕೂಡ ಅದೇ ನೀರು. ಆದ್ದರಿಂದ ಪನ್ನೀರು ಗುಲಾಬಿ ಎಂದರೆ ‘ಗುಲಾಬಿನೀರಿನ ಗುಲಾಬಿನೀರು’ ಎಂದಂತಾಯಿತು. ವ್ಯಾಕರಣಕ್ಕೆ ಒಪ್ಪದ ಎಷ್ಟೋ ಸಂಗತಿಗಳು ಮೂಗಿಗೆ ಒಪ್ಪುತ್ತವೆ.

1760ರಲ್ಲಿ ಹೈದರಾಲಿ ಬೆಂಗಳೂರಿನಲ್ಲಿ ಲಾಲ್‌ಬಾಗನ್ನು ಆರಂಭಿಸಿದ. ಟಿಪ್ಪು ಹೊರದೇಶಗಳಿಂದ ಗಿಡಗಳನ್ನು ತರಿಸಿ ಅದನ್ನು ಬೆಳೆಸಿದ. 1788ರಲ್ಲಿ ಪ್ಯಾರಿಸ್ಸಿಗೆ ಹೋದ ಅವನ ರಾಯಭಾರಿಗಳು ಫ್ರಾನ್ಸಿನ ದೊರೆಯಿಂದ ಸೈನ್ಯದ ನೆರವಿನ ಜೊತೆಗೆ ಬೀಜಗಳನ್ನೂ ಸಸಿಗಳನ್ನೂ ಕೇಳಿದ್ದರು. 1800ರಲ್ಲಿ ಈ ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಬೆಂಗಳೂರಿನ ಆ ತೋಟಗಳನ್ನು ನೋಡಿ, ಚೌಕದ ಮಡಿಗಳು, ನಡುವೆ ಕಾಲುದಾರಿ, ಅಂಚಿಗೆ ಸೈಪ್ರೆಸ್ ಮರ, ಒಂದು ಮಡಿಯಲ್ಲಿ ಬರಿಯ ಗುಲಾಬಿ, ಇನ್ನೊಂದರಲ್ಲಿ ಬರಿಯ ದಾಳಿಂಬೆ ಎಂದು ವರ್ಣಿಸಿದ್ದಾನೆ. ಇದು ಅರಸರ ತೋಟದ ಕ್ರಮ. ನಮ್ಮ ಅಮ್ಮಂದಿರ ಹಿತ್ತಿಲಿಗೆ ಈ ಶಿಸ್ತು ಬರಲೇ ಇಲ್ಲ. ಅಲ್ಲಿ ಪೆರುವಿನ ಗಿಡದ ಬುಡದಲ್ಲಿ ತುಳಸಿಯ ಮರಿ ಹುಟ್ಟಿರುತ್ತದೆ. ಮುಂದೆ ಲಾಲ್‌ಬಾಗಿನಲ್ಲಿ ಕ್ಯಾಮೆರಾನ್, ಜರ್ಮನಿಯ ಕ್ರುಂಬಿಗಲ್, ನಮ್ಮವರೇ ಆದ ಜವರಾಯ, ಮರಿಗೌಡ ಮೊದಲಾದವರು ಮಾಡಿದ ಕೆಲಸವನ್ನು ಬೇರೆಯಾಗಿಯೇ ಬರೆಯಬೇಕು.

ನನ್ನ ಕಾಗದದ ಹೂವಿನ ಚರಿತ್ರೆ ಇವೆಲ್ಲಕ್ಕಿಂತ ಈಚಿನದು. ಬೋಗನ್‌ವಿಲ್ ಎಂಬ ಫ್ರೆಂಚ್ ನಾವಿಕನ ಹಡಗು ಭೂಮಿಯನ್ನು ಸುತ್ತಲು ಹೊರಟು 1767ರಲ್ಲಿ ಬ್ರೆಜಿಲ್ಲಿನ ರಿಯೊ ಡಿ ಜನೈರೋದಲ್ಲಿ ನಿಂತಾಗ, ಅದರಲ್ಲಿದ್ದ ಕೊಮರ್ಸನ್ ಎಂಬ ಸಸ್ಯಶಾಸ್ತ್ರಜ್ಞನ ಸಂಗ್ರಹಕ್ಕೆ ಸಿಕ್ಕಿದ ಬಳ್ಳಿ ಅದು. ಅವನ ಸಹಾಯಕಿ ಜಾನ್ ಬಾರೆ ಗಂಡಸಿನ ವೇಷದಲ್ಲಿ ಹಡಗು ಹತ್ತಿದ್ದವಳು. ಭೂಮಿಯನ್ನು ಸುತ್ತಿದ 1ನೆಯ ಹೆಂಗಸೆಂದು ಹೆಸರಾದಳು. ಅದರಲ್ಲಿ ನಾವು ಹೂವೆನ್ನುವುದು ಹೂವೂ ಅಲ್ಲ. ಬಣ್ಣ ಬಂದ ಎಲೆ. ನಿಜವಾದ ಹೂ ನಡುವೆ ಬಿಳಿಯ ಕಡ್ಡಿಯಂತೆ ಇರುತ್ತದೆ. ಅಮ್ಮನ ಅನುಮಾನಕ್ಕೆ ಅಷ್ಟರಮಟ್ಟಿಗೆ ಆಧಾರವಿತ್ತೆನ್ನಬೇಕು.

ಬಂದವುಗಳ ಕಥೆಯನ್ನಷ್ಟೇ ಹೇಳಿದರೆ ಅನ್ಯಾಯವಾಗುತ್ತದೆ. ಇಲ್ಲಿಂದ ಹೋದವೂ ಉಂಟು. ದಕ್ಷಿಣ ಕನ್ನಡದ ಗುಡ್ಡಗಳಲ್ಲಿ ಕೆಂಪಗೆ ಗೊಂಚಲಾಗಿ ಅರಳುವ ಕೇಪಳ ದಕ್ಷಿಣ ಭಾರತದ್ದೇ ಗಿಡ. ಲಿನೇಯಸ್ 1753ರಲ್ಲಿ ಅದಕ್ಕೆ ‘ಇಕ್ಸೋರಾ’ ಎಂದು ಹೆಸರಿಟ್ಟ. ಅದು ಬೇರೇನೂ ಅಲ್ಲ, ಪೋರ್ಚುಗೀಸರ ನಾಲಗೆಯಲ್ಲಿ ಹೊರಳಿದ ನಮ್ಮ ‘ಈಶ್ವರ’. ಮೆಕ್ಸಿಕೋದ ಮರ ಇಲ್ಲಿ ದೇವಕಣಗಿಲೆಯಾದರೆ, ನಮ್ಮ ಗುಡ್ಡದ ಹೂ ಸ್ವೀಡನ್ನಿನ ಪುಸ್ತಕದಲ್ಲಿ ಈಶ್ವರನಾಯಿತು. ಪಾರಿಜಾತದ ಸಂಗತಿಯನ್ನು ಗೋವೆಯಲ್ಲಿದ್ದ ಗಾರ್ಸಿಯಾ ದ ಓರ್ಟಾ ಎಂಬ ಪೋರ್ಚುಗೀಸ್ ವೈದ್ಯ 1563ರಲ್ಲಿಯೇ ಅಚ್ಚು ಹಾಕಿಸಿದ. ಹಗಲು ಹೂ ಉದುರಿಸಿ ನಿಲ್ಲುವುದರಿಂದ ಅವನಿಗೆ ಅದು ‘ದುಃಖದ ಮರ’. ದಾಸವಾಳವನ್ನು 1678ರಿಂದ 1693ರವರೆಗೆ ಆಮ್‌ಸ್ಟರ್‌ಡಾಮಿನಲ್ಲಿ ಹನ್ನೆರಡು ಸಂಪುಟಗಳಾಗಿ ಹೊರಬಂದ ‘ಹೋರ್ತುಸ್ ಮಲಬಾರಿಕುಸ್’ ಎಂಬ ಗ್ರಂಥ ಅದರ ಮಲಯಾಳದ ಹೆಸರಿನಿಂದಲೇ, ಚೆಂಬರತ್ತಿ ಎಂದು, ದಾಖಲಿಸಿತು. ಆ ಮಹಾಗ್ರಂಥಕ್ಕೆ ಕೊಚ್ಚಿಯ ಡಚ್ಚರ ಅಧಿಕಾರಿ ವಾನ್ ರೀಡ್ ಯಜಮಾನನಾದರೂ, ಗಿಡಗಳ ತಿಳಿವಳಿಕೆ ಕೊಟ್ಟವರು ಇಟ್ಟಿ ಅಚ್ಯುತನ್ ಎಂಬ ಮಲಯಾಳಿ ವೈದ್ಯ ಮತ್ತು ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟರೆಂಬ ಮೂವರು ಕೊಂಕಣಿಗರು. ದಾಸವಾಳದ ತವರನ್ನು ಕೇಳಿದರೆ ಅದೂ ಸುಲಭವಲ್ಲ. ನವಗ್ರಹ ಸ್ತೋತ್ರದಲ್ಲಿ ಸೂರ್ಯನಿಗೆ ಹೋಲಿಕೆಯಾಗಿ ನಿಂತಿರುವ ಈ ಜಪಾಕುಸುಮ ಕಾಡಿನಲ್ಲಿ ಎಲ್ಲಿಯೂ ಸಿಗುವುದಿಲ್ಲ. ಲಿನೇಯಸ್ ಅದನ್ನು ಚೀನದ ಗುಲಾಬಿ ಎಂದ.

ಪಾರಿಜಾತದ ಪುರಾಣವಂತೂ ಎಲ್ಲರಿಗೂ ಗೊತ್ತು. ದೇವಲೋಕದಿಂದ ತಂದ ಮರ ಸತ್ಯಭಾಮೆಯ ಅಂಗಳದಲ್ಲಿ, ಹೂ ಉದುರುವುದು ರುಕ್ಮಿಣಿಯ ಅಂಗಳದಲ್ಲಿ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಶ್ರೀಕೃಷ್ಣ ಪಾರಿಜಾತದ ಆಟವನ್ನು ಇರುಳಿಡೀ ಕೂತು ನೋಡುವ ಹೆಂಗಸರು ನಕ್ಕು ನಕ್ಕು ಸುಸ್ತಾಗುವುದು ಇದೇ ಕಾಂಪೌಂಡು ಗೋಡೆಯ ಜಗಳಕ್ಕೆ. ಆ ಕಥೆಯಲ್ಲಿಯೂ ಹೂ ಹೊರಗಿನಿಂದ ಬಂದದ್ದೇ.

ನನಗೆ ಹೆಚ್ಚು ಕಾಡುವುದು ಇನ್ನೊಂದು ಪಟ್ಟಿ, ಕಾವ್ಯದಲ್ಲಿದ್ದು ಬುಟ್ಟಿಯಲ್ಲಿಲ್ಲದವುಗಳ ಪಟ್ಟಿ. ಸುರಗಿ ಪಶ್ಚಿಮ ಘಟ್ಟದ ಮರ. ಒಣಗಿದ ಮೇಲೂ ಕಂಪು ಬಿಡದ ಹೂ. ಯು. ಆರ್. ಅನಂತಮೂರ್ತಿಯವರು 2012ರಲ್ಲಿ ಬಂದ ತಮ್ಮ ಆತ್ಮಕಥನಕ್ಕೆ ಆ ಹೆಸರಿಟ್ಟಾಗ, ನನ್ನ ವಿದ್ಯಾರ್ಥಿಗಳಲ್ಲಿ ಬಹಳ ಮಂದಿ ಅದೊಂದು ಊರೋ ಹೆಣ್ಣೋ ಇರಬೇಕೆಂದುಕೊಂಡಿದ್ದರು. ನಾನೂ ಆವರೆಗೆ ಸುರಗಿಯನ್ನು ನೋಡಿರಲಿಲ್ಲ. ಮುಂದಿನ ಬೇಸಗೆಯಲ್ಲಿ ಕರಾವಳಿಯ ಪೇಟೆಯೊಂದರಲ್ಲಿ ಒಬ್ಬಾಕೆ ಒಣಗಿದ ಸುರಗಿಯ ಸರಗಳನ್ನು ಮಾರುತ್ತಿದ್ದಳು. ಎರಡು ಕೊಂಡು ತಂದು ಒಂದನ್ನು ಅಮ್ಮನಿಗೆ ಕೊಟ್ಟೆ. ಆಕೆ ಅದನ್ನು ದೇವರಿಗೆ ಏರಿಸಲಿಲ್ಲ; “ಒಣಗಿದ್ದು” ಎಂದು ಸೀರೆಯ ಪೆಟ್ಟಿಗೆಯಲ್ಲಿಟ್ಟಳು. ಇನ್ನೊಂದನ್ನು ತರಗತಿಗೆ ಒಯ್ದು ಬೆಂಚಿನಿಂದ ಬೆಂಚಿಗೆ ದಾಟಿಸಿದೆ. ಅಂದು ಮೊದಲ ಸಲ ‘ಪುಷ್ಪವಿಶೇಷ’ ಎಂದು ಬರೆಸದೆ ಪಾಠ ಮುಗಿಸಿದೆ. ಇರುವಂತಿ ಕೇಳಿದ ಹುಡುಗಿ ಅಷ್ಟರಲ್ಲಿ ಪಾಸಾಗಿ ಹೋಗಿದ್ದಳು.

ಕಾಶಿ ಕಣಗಿಲೆಯ ವಿಷಯವನ್ನು ಕೊನೆಗೆಂದು ಉಳಿಸಿಕೊಂಡೆ, ಏಕೆಂದರೆ ಅದರಲ್ಲಿ ಅಮ್ಮನಿಗೂ ನನಗೂ ಎರಡನೆಯ ಜಗಳವಾಯಿತು. ಅವಳಿಗೆ ಸಕ್ಕರೆ ಕಾಯಿಲೆ ಬಂದ ಮೇಲೆ, ಬೀದಿಯ ಹೆಂಗಸರ ಮಾತು ಕೇಳಿ, ಬೆಳಗ್ಗೆ ಬರಿಹೊಟ್ಟೆಯಲ್ಲಿ ಆ ಗಿಡದ ನಾಲ್ಕು ಹೂ, ಎರಡು ಎಲೆ ಅಗಿಯತೊಡಗಿದಳು. ವಿಚಿತ್ರವೆಂದರೆ, ಸಮುದ್ರದಾಚೆ ಜಮೈಕದ ಜನರೂ ಇದೇ ನಂಬಿಕೆಯಿಂದ ಇದೇ ಎಲೆಯ ಕಷಾಯ ಕುಡಿಯುತ್ತಿದ್ದರು. ಅಲ್ಲಿಂದ ಬಂದ ಎಲೆಯನ್ನು ಕೆನಡಾದ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬಿಯರ್ ಪರೀಕ್ಷಿಸಿದರು. ಇಲಿಗಳ ರಕ್ತದ ಸಕ್ಕರೆ ಇಳಿಯಲಿಲ್ಲ. ಬಿಳಿಯ ರಕ್ತಕಣಗಳು ಇಳಿದುಹೋದವು, ಇಲಿಗಳು ಸೋಂಕು ತಗಲಿ ಸತ್ತವು. ಸಕ್ಕರೆಗೆ ಮದ್ದು ಹುಡುಕಿದವರಿಗೆ ರಕ್ತದ ಕ್ಯಾನ್ಸರಿನ ಮದ್ದಿನ ದಾರಿ ಕಂಡಿತು. 1958ರಲ್ಲಿ ಅವರು ಅದನ್ನು ಪ್ರಕಟಿಸಿದರು. ಅದೇ ಗಿಡದಿಂದ ತೆಗೆದ ವಿನ್‌ಕ್ರಿಸ್ಟಿನ್ ಎಂಬ ಔಷಧಕ್ಕೆ 1963ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ನೂರಾರು ಕಿಲೋ ಒಣಗಿದ ಎಲೆಯಿಂದ ಒಂದು ಗ್ರಾಂ ಸಿಕ್ಕರೆ ಹೆಚ್ಚು. ರಕ್ತದ ಕ್ಯಾನ್ಸರಾದ ಮಕ್ಕಳಿಗೆ ಇಂದಿಗೂ ಅದನ್ನು ಕೊಡುತ್ತಾರೆ. ಔಷಧವಾಗುವಷ್ಟು ಬಲವಿದ್ದ ಮೇಲೆ ವಿಷವಾಗುವಷ್ಟೂ ಇರುತ್ತದೆ. ಅಂಥದನ್ನು ಮನೆಯಲ್ಲಿ ಅಗಿಯಬಾರದು.

ಈ ಸಲ ನಾನು ಪುಸ್ತಕದ ಮಾತು ಎತ್ತಲಿಲ್ಲ. ಇಲಿಗಳ ಕಥೆಯನ್ನೂ, ಆಸ್ಪತ್ರೆಯ ಮಕ್ಕಳ ಕಥೆಯನ್ನೂ ಅವಳ ಮಂಚದ ಮೇಲೆ ಕುಳಿತು ನಿಧಾನವಾಗಿ ಹೇಳಿದೆ. “ಹಾಗಾದರೆ ದೇವರಿಗೇ ಇರಲಿ” ಎಂದಳು. ಅಗಿಯುವುದು ನಿಂತಿತು. ಬುಟ್ಟಿಯಲ್ಲಿ ಕಾಶಿ ಕಣಗಿಲೆ ಕೊನೆಯವರೆಗೂ ಇತ್ತು.

ಅಮ್ಮ ಹೋಗಿ ಮೂರು ವರ್ಷವಾಯಿತು. ಬುಟ್ಟಿ ಈಗ ನನ್ನ ಕೈಗೆ ಬಂದಿದೆ, ಭಾನುವಾರಗಳಲ್ಲಿ ಮಗಳದು. ಕಳೆದ ನವರಾತ್ರಿಯಲ್ಲಿ ಅವಳು ಗೇಟಿನಾಚೆ ಹೋಗಿ ಕಾಗದದ ಹೂವಿನ ಒಂದು ಗೊಂಚಲನ್ನು ಮುರಿದು ತಂದು ಬುಟ್ಟಿಯಲ್ಲಿ ದಾಸವಾಳದ ಪಕ್ಕಕ್ಕಿಟ್ಟಳು. ಬೇಡವೆನ್ನಲು ನನ್ನ ಬಾಯಿ ತೆರೆದಿತ್ತು.

“ಅಜ್ಜಿ ಯಾಕೆ ಬೇಡ ಅನ್ನುತ್ತಿದ್ದರು ಅಪ್ಪ?”

“ವಾಸನೆಯಿಲ್ಲ ಅಂತ” ಎಂದೆ.

ಅವಳು ದಾಸವಾಳವನ್ನು ಎತ್ತಿ ಮೂಸಿ ನೋಡಿ, “ಇದಕ್ಕೆಲ್ಲಿದೆ?” ಎಂದಳು. ಮೂಸಿದ ಹೂ ಸಲ್ಲದೆಂದು ಆ ದಾಸವಾಳವನ್ನು ತೆಗೆದು ಕಿಟಕಿಯ ಮೇಲಿಟ್ಟು ಬುಟ್ಟಿಯನ್ನು ಒಳಗೆ ತೆಗೆದುಕೊಂಡು ಹೋದೆ.